ಮರದ ಬುಡಕ್ಕೆ ಎಷ್ಟು ಮಣ್ಣು ಬಿಡಬೇಕು? – ಬಿಜೈ ಓಣಿಯ ಹತ್ತು ಮರಗಳ ಬಗ್ಗೆ ಚರ್ಚೆ

ಬಿಜೈ ನಿವಾಸಿ:

ಮಾನ್ಯರೇ,

ಮಂಗಳೂರಿನ ಬಿಜೈಯಲ್ಲಿರುವ ನಮ್ಮ ಓಣಿಯಲ್ಲಿ ಕಳೆದ ತಿಂಗಳವರೆಗೆ ಹನ್ನೊಂದು ದೊಡ್ಡ ಮರಗಳಿದ್ದವು. ನಾಲ್ಕು ಮಳೆಮರ, ಮೂರು ಹೊಳೆದಾಸವಾಳ, ಎರಡು ರೆಂಜ (ಬಕುಲ), ಒಂದು ಹಲಸು, ಒಂದು ಕಾಟುಮಾವು (ಕಾಡುಮಾವು). ಜೂನ್ ತಿಂಗಳ ಗಾಳಿಮಳೆಯ ಒಂದು ರಾತ್ರಿ ಕಾಟುಮಾವು ಬುಡಸಮೇತ ಮಗುಚಿ ಬಿತ್ತು. ಕೆಳಗೆ ನಿಲ್ಲಿಸಿದ್ದ ರಿಕ್ಷಾ ಜಜ್ಜಿಹೋಯಿತು. ದೇವರ ದಯೆಯಿಂದ ಜೀವಹಾನಿ ಆಗಲಿಲ್ಲ.

ಬೆಳಿಗ್ಗೆ ಎಲ್ಲರೂ ಮುರಿದ ಕೊಂಬೆಗಳನ್ನು ನೋಡುತ್ತಿದ್ದಾಗ ನಾನು ಬೇರಿನ ಬದಿಗೆ ಹೋಗಿ ನೋಡಿದೆ. ಮನೆಗಳ ಕಡೆಗಿದ್ದ ಬೇರುಗಳು ಎಳೆದು ಹರಿದಿದ್ದವು. ರಸ್ತೆಯ ಕಡೆಗಿದ್ದ ಬೇರುಗಳು ಮಾತ್ರ ಹರಿದಿರಲಿಲ್ಲ. ಅವು ಒಂದೇ ಗೆರೆಯಲ್ಲಿ, ಗರಗಸದಿಂದ ಕೊಯ್ದ ಹಾಗೆ, ಬಹಳ ಹಿಂದೆಯೇ ತುಂಡಾಗಿ ಕಪ್ಪಾಗಿದ್ದವು. ಚರಂಡಿ ತೋಡಿದಾಗ ಕತ್ತರಿಸಿದ ಬೇರುಗಳವು. ಅನಂತರ ಹಾಸಿದ ಇಂಟರ್‌ಲಾಕ್ ಅದನ್ನು ಮುಚ್ಚಿಬಿಟ್ಟಿದ್ದರಿಂದ ಮರ ಒಂದೇ ಕಾಲಿನಲ್ಲಿ ನಿಂತಿರುವುದು ನಮ್ಮಲ್ಲಿ ಯಾರಿಗೂ ತಿಳಿಯಲಿಲ್ಲ. ಕಾಂಡವನ್ನು ತುಂಡರಿಸುವಾಗ ಪೊಟರೆಯೊಳಗೆ ತುಡುವೆ ಜೇನಿನ ಎರಿಗಳು (ಜೇನುತಟ್ಟೆಗಳು) ಕಂಡವು. ಅವುಗಳನ್ನು ಉಳಿಸುವ ಕ್ರಮ ಗೊತ್ತಿಲ್ಲದ್ದರಿಂದ ಮಳೆಯಲ್ಲೇ ನೆನೆದು ಹಾಳಾದವು. ಆ ದೃಶ್ಯ ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ.

ಈಗ ಉಳಿದ ಹತ್ತು ಮರಗಳನ್ನೂ ತೆಗೆಸಬೇಕೆಂಬ ಮನವಿಗೆ ಸಹಿ ಸಂಗ್ರಹ ನಡೆಯುತ್ತಿದೆ. ಆ ಹತ್ತರಲ್ಲಿ ಏಳರ ಬುಡದಲ್ಲಿ ಕಾಂಡಕ್ಕೆ ತಾಗುವಷ್ಟು ಹತ್ತಿರದವರೆಗೆ ಇಂಟರ್‌ಲಾಕ್ ಅಥವಾ ಕಾಂಕ್ರೀಟ್ ಇದೆ. ಅದನ್ನು ಬಿಡಿಸಿ ಬುಡಕ್ಕೆ ಮಣ್ಣು ಕೊಟ್ಟರೆ ಮರಗಳು ಗಟ್ಟಿಯಾಗುತ್ತವೆಯೇ, ಎಷ್ಟು ಬಿಡಿಸಬೇಕು, ಯಾರ ಅನುಮತಿ ಬೇಕು ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಓಣಿಯ ರಿಕ್ಷಾ ಚಾಲಕ:

ಜಜ್ಜಿಹೋದದ್ದು ನನ್ನ ರಿಕ್ಷಾ. ದುರಸ್ತಿ ಮುಗಿಯುವವರೆಗೆ ದುಡಿಮೆಯೂ ಇರಲಿಲ್ಲ. ಮನವಿಗೆ ಮೊದಲು ಸಹಿ ಹಾಕಿದವರಲ್ಲಿ ನಾನೂ ಒಬ್ಬ ಎಂಬುದನ್ನು ಮುಚ್ಚಿಡುವುದಿಲ್ಲ. ಮರದ ಮೇಲೆ ನನಗೆ ದ್ವೇಷವಿಲ್ಲ. ಏಪ್ರಿಲ್‌ ತಿಂಗಳಲ್ಲಿ ಮಧ್ಯಾಹ್ನ ನಾವೆಲ್ಲ ರಿಕ್ಷಾ ನಿಲ್ಲಿಸುವುದು ಆ ನೆರಳಿನಲ್ಲಿಯೇ. ಆದರೆ ಅದು ಬಿದ್ದದ್ದು ರಾತ್ರಿ. ಬೆಳಿಗ್ಗೆ ಎಂಟು ಗಂಟೆಗೆ ಮಕ್ಕಳು ಶಾಲೆಗೆ ಹೊರಡುವ ಹೊತ್ತಿನಲ್ಲಿ ಬಿದ್ದಿದ್ದರೆ ಏನಾಗುತ್ತಿತ್ತು? ಬುಡ ಬಿಡಿಸಿದರೆ ಬೀಳುವುದಿಲ್ಲವೆಂದು ಯಾರಾದರೂ ಖಚಿತವಾಗಿ ಹೇಳಬಲ್ಲಿರಾ?

ನಿವೃತ್ತ ಅರಣ್ಯ ನೌಕರ:

ರಿಕ್ಷಾದ ಅಣ್ಣ ಕೇಳಿದ ಪ್ರಶ್ನೆ ನ್ಯಾಯವಾದದ್ದು, ಆದ್ದರಿಂದ ಅದಕ್ಕೇ ಮೊದಲು ಉತ್ತರಿಸುತ್ತೇನೆ. ಯಾವ ಮರದ ಬಗ್ಗೆಯೂ ಅಂಥ ಖಾತರಿ ಕೊಡಲಾಗದು. ಆದರೆ ಯಾವ ಮರ ಬೀಳುವ ಸಾಧ್ಯತೆ ಹೆಚ್ಚು ಎಂದು ನೋಡಿ ತಿಳಿಯಬಹುದು, ಮತ್ತು ಹಾಗೆ ನೋಡಲು ಬುಡ ಕಣ್ಣಿಗೆ ಕಾಣಬೇಕು. ಬುಡದಲ್ಲಿ ಅಣಬೆ ಎದ್ದಿದೆಯೇ, ತೊಗಟೆ ಸಡಿಲಾಗಿದೆಯೇ, ಒಂದು ಬದಿಯ ಮಣ್ಣು ಬಿರುಕು ಬಿಟ್ಟು ಮೇಲೆದ್ದಿದೆಯೇ, ಬೇರು ಕತ್ತರಿಸಿದ ಗುರುತು ಇದೆಯೇ ಎಂಬುದೆಲ್ಲ ಇಂಟರ್‌ಲಾಕ್‌ನ ಅಡಿಯಲ್ಲಿ ಅಡಗಿರುತ್ತದೆ. ನಿಮ್ಮ ಕಾಟುಮಾವಿನ ವಿಷಯದಲ್ಲಿ ಆದದ್ದೂ ಅದೇ.

ಮರದ ಬೇರೆಂದರೆ ನೇರವಾಗಿ ಪಾತಾಳಕ್ಕೆ ಇಳಿಯುವ ಒಂದು ತಾಯಿಬೇರು ಎಂದು ಹೆಚ್ಚಿನವರು ತಿಳಿದಿದ್ದಾರೆ. ಆದರೆ ನೀರು, ಆಹಾರ ಹೀರುವ ಸಣ್ಣ ಬೇರುಗಳಲ್ಲಿ ಬಹುಪಾಲು ಇರುವುದು ಮೇಲಿನ ಎರಡು ಅಡಿ ಮಣ್ಣಿನಲ್ಲಿ. ಅವು ಕೊಂಬೆಗಳ ನೆರಳಿಗಿಂತಲೂ ಆಚೆಗೆ ಹರಡಿರುತ್ತವೆ. ನಮ್ಮ ಊರಿನಲ್ಲಿ ಸ್ವಲ್ಪ ಕೆಳಗೇ ಗಟ್ಟಿ ಮುರಕಲ್ಲು (ಕೆಂಪುಕಲ್ಲು) ಸಿಗುವ ಜಾಗಗಳಲ್ಲಿ ಬೇರಿಗೆ ಅಡ್ಡಕ್ಕೆ ಹರಡುವುದೊಂದೇ ದಾರಿ. ಆ ಮೇಲ್ಮಣ್ಣನ್ನು ರೋಲರ್‌ನಿಂದ ತುಳಿಸಿ ಕಲ್ಲು ಹಾಸಿದರೆ ಗಾಳಿಯೂ ಹೋಗದು, ನೀರೂ ಇಳಿಯದು. ವರ್ಷಕ್ಕೆ 3,500 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಊರಿನಲ್ಲಿ ಫೆಬ್ರವರಿಯಿಂದಲೇ ಮರಗಳು ಬಾಯಾರಿ ತುದಿ ಒಣಗುವುದಕ್ಕೆ ಇದು ದೊಡ್ಡ ಕಾರಣ.

ಎಷ್ಟು ಬಿಡಬೇಕು ಎಂದು ಕೇಳಿದ್ದೀರಿ. ದೆಹಲಿಯ ಮರಗಳ ಪ್ರಕರಣದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2013ರ ಏಪ್ರಿಲ್‌ನಲ್ಲಿ ಮರದ ಸುತ್ತ ಒಂದು ಮೀಟರ್‌ವರೆಗಿನ ಕಾಂಕ್ರೀಟನ್ನು ತೆಗೆಯಬೇಕೆಂದು ಆದೇಶಿಸಿತ್ತು. ಅದನ್ನು ಕನಿಷ್ಠ ಅಳತೆ ಎಂದು ಇಟ್ಟುಕೊಳ್ಳಿ. ಮಳೆಮರದಂಥ ದೊಡ್ಡ ಮರಕ್ಕೆ ಜಾಗವಿರುವಲ್ಲಿ ಇನ್ನೂ ಹೆಚ್ಚು ಬಿಡಿ. ಜೆಸಿಬಿ ಮಾತ್ರ ಹತ್ತಿರ ಬರಬಾರದು. ಕಲ್ಲುಗಳನ್ನು ಕೈಯಿಂದ ಒಂದೊಂದಾಗಿ ಎಬ್ಬಿಸಿ, ಮೂರು ನಾಲ್ಕು ಇಂಚು ಮಣ್ಣನ್ನು ಮಾತ್ರ ಮೆಲ್ಲಗೆ ಸಡಿಲಿಸಿ. ಹೊಸ ಕೆಂಪುಮಣ್ಣು ತಂದು ಕಾಂಡಕ್ಕೆ ರಾಶಿ ಹಾಕುವುದು ಹಲವರು ಪ್ರೀತಿಯಿಂದ ಮಾಡುವ ತಪ್ಪು. ಕಾಂಡ ಮತ್ತು ಬೇರು ಸೇರುವ ಜಾಗ ಮಣ್ಣಿನಲ್ಲಿ ಹೂತರೆ ಕೊಳೆಯುತ್ತದೆ.

ಕಡಿಯುವ ಮಾತಿಗೆ ಬಂದರೆ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವೃಕ್ಷಾಧಿಕಾರಿಯ ಅನುಮತಿ ಇಲ್ಲದೆ ಮರ ಕಡಿಯುವಂತಿಲ್ಲ. ತೆಂಗು, ರಬ್ಬರ್, ನೀಲಗಿರಿ, ಗಾಳಿಮರ (ಸರ್ವೆ) ಮುಂತಾದ ಕೆಲವು ಜಾತಿಗಳನ್ನು ಬಿಟ್ಟರೆ ಖಾಸಗಿ ಹಿತ್ತಲಿನ ಮರಕ್ಕೂ ಇದು ಅನ್ವಯ. ಐವತ್ತಕ್ಕಿಂತ ಹೆಚ್ಚು ಮರಗಳಿದ್ದರೆ ಸಾರ್ವಜನಿಕ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕೇಳಬೇಕು. ನಿಮ್ಮದು ಹತ್ತೇ ಮರ, ಆದ್ದರಿಂದ ಪ್ರಕಟಣೆಗೆ ಕಾಯದೆ ನೀವೇ ಲಿಖಿತವಾಗಿ ಅಭಿಪ್ರಾಯ ಸಲ್ಲಿಸಿ. ಪ್ರತಿ ಮರದ ಸ್ಥಿತಿಯನ್ನು ಬೇರೆ ಬೇರೆಯಾಗಿ ಪರಿಶೀಲಿಸಬೇಕೆಂದು ಕೇಳಿಕೊಳ್ಳಿ. ನಿಜವಾಗಿಯೂ ಅಪಾಯದಲ್ಲಿರುವ ಮರ ಒಂದಿದ್ದರೆ ಅದನ್ನು ತೆಗೆಯಲು ಒಪ್ಪಬೇಕಾಗುತ್ತದೆ. ಒಂದರ ಹೆಸರಿನಲ್ಲಿ ಹತ್ತನ್ನೂ ಕಡಿಯುವುದಕ್ಕೆ ಒಪ್ಪಬಾರದು.

ಪುತ್ತೂರು ಕಡೆಯ ಜೇನು ಕೃಷಿಕ:

ಬಿಜೈಯವರೇ, ಆ ಎರಿಗಳ ವಿಷಯ ಓದಿ ನನಗೂ ಸಂಕಟವಾಯಿತು. ಮುಂದೆ ಇಂಥ ಸಂದರ್ಭ ಬಂದರೆ ಎರಿಗಳನ್ನು ಮರಿಯಿರುವ ಭಾಗ ಕೆಡದಂತೆ ಕೊಯ್ದು, ಚೌಕಟ್ಟಿಗೆ ಬಾಳೆನಾರಿನಿಂದ ಕಟ್ಟಿ ಪೆಟ್ಟಿಗೆಯೊಳಗೆ ಇಟ್ಟು, ರಾಣಿಯನ್ನು ಸೇರಿಸಿದರೆ ಉಳಿದ ನೊಣಗಳು ತಾವಾಗಿ ಒಳಗೆ ಬರುತ್ತವೆ. ನಮ್ಮ ಜಿಲ್ಲೆಯಲ್ಲಿ ಇದನ್ನು ಮಾಡಬಲ್ಲ ಜೇನು ಕೃಷಿಕರು ತುಂಬ ಜನ ಇದ್ದಾರೆ. ಪುತ್ತೂರಿನ ಜೇನು ವ್ಯವಸಾಯಗಾರರ ಸಹಕಾರಿ ಸಂಘದಲ್ಲಿ ವಿಚಾರಿಸಿದರೂ ಹತ್ತಿರದವರು ಸಿಗಬಹುದು.

ತುಡುವೆ ಉಳಿಯುವುದು ಏಕೆ ಮುಖ್ಯವೆಂದು ನಮ್ಮ ತಲೆಮಾರಿನವರಿಗೆ ಚೆನ್ನಾಗಿ ಗೊತ್ತು. 1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತಕ್ಕೆ ಬಂದಾಗ ಮರಿಗಳು ನೀರು ತುಂಬಿದ ಚೀಲದಂತಾಗಿ ಸತ್ತು, ಸಾಲು ಸಾಲು ಪೆಟ್ಟಿಗೆಗಳು ಖಾಲಿಯಾದವು. ಅನಂತರ ಜೇನು ಕೃಷಿ ಚೇತರಿಸಿಕೊಂಡದ್ದು ಪೊಟರೆಗಳಲ್ಲಿ, ಹುತ್ತಗಳಲ್ಲಿ ಉಳಿದಿದ್ದ ಕಾಡು ಕುಟುಂಬಗಳಿಂದ. ಪೇಟೆಯ ಹಳೆ ಮರದ ಪೊಟರೆಯೂ ಅಂಥ ಒಂದು ಬೀಜದ ಕಣಜವೇ.

ಪೇಟೆಯವರು ಗಮನಿಸದ ಇನ್ನೊಂದು ಜೇನು ಮುಜಂಟಿ. ನಾಲ್ಕು ಮಿಲಿಮೀಟರ್ ಉದ್ದದ, ಚುಚ್ಚುವ ಮುಳ್ಳಿಲ್ಲದ ಈ ನೊಣ ಕೆಂಪುಕಲ್ಲಿನ ಹಳೆ ಕಂಪೌಂಡು ಗೋಡೆಯ ಬಿರುಕಿನಲ್ಲಿ ಗೂಡು ಮಾಡಿ, ಬಾಗಿಲಿಗೆ ಅಂಟಿನ ಸಣ್ಣ ಕೊಳವೆ ಕಟ್ಟುತ್ತದೆ. ಅದು ಹೂವಿಗಾಗಿ ಹಾರುವ ದೂರ ಕೆಲವು ನೂರು ಮೀಟರ್ ಮಾತ್ರ. ಗೋಡೆಗೆ ಸಿಮೆಂಟು ಗಾರೆ ಬಳಿಯುವಾಗ ಗೂಡು ಒಳಗೇ ಸಮಾಧಿಯಾಗುತ್ತದೆ. ಗಾರೆ ಬಳಿಯುವ ಮೊದಲು ಒಂದು ಬೆಳಿಗ್ಗೆ ಗೋಡೆಯನ್ನು ನೋಡಿಕೊಂಡು ಬರುವಂತೆ ಮೇಸ್ತ್ರಿಗೆ ಹೇಳಿದರೆ ಸಾಕು.

ಇನ್ನು ಬುಡದ ಮಣ್ಣಿಗೂ ಜೇನಿಗೂ ಇರುವ ಸಂಬಂಧ. ನಮ್ಮ ಕಡೆ ಜನವರಿಯಿಂದ ಮಾರ್ಚ್‌ವರೆಗೆ ರಬ್ಬರ್ ತೋಟಗಳಲ್ಲಿ ಚಿಗುರೆಲೆಯ ಬಳಿ ಒಸರುವ ಸಿಹಿಯಿಂದ ಜೇನು ತುಂಬುತ್ತದೆ. ಕಷ್ಟಕಾಲ ಜೂನ್‌ನಿಂದ ಸೆಪ್ಟೆಂಬರ್. ಮಳೆಯಲ್ಲಿ ನೊಣ ಹೊರಡುವುದೇ ಅಪರೂಪ, ಹೊರಟರೂ ಹೂವಿಲ್ಲ. ನಾವು ಸಕ್ಕರೆ ಪಾಕ ಕೊಟ್ಟು ಸಾಕುತ್ತೇವೆ, ಕಾಡು ಕುಟುಂಬಕ್ಕೆ ಪಾಕ ಕೊಡುವವರು ಯಾರು? ಮಳೆ ಬಿಟ್ಟ ಒಂದೆರಡು ತಾಸಿನಲ್ಲಿ ಅವು ಮುತ್ತುವುದು ತೆಂಗಿನ ಹಿಂಗಾರಕ್ಕೆ ಮತ್ತು ನೆಲದ ಮೇಲಿನ ನಾಚಿಕೆಮುಳ್ಳಿಗೆ. ಮಳೆ ಹಿಂದಾಗುತ್ತಿದ್ದಂತೆ ತುಂಬೆಗೆ. ನೀವು ಕಳೆ ಎಂದು ಕೀಳುವ ಗಿಡಗಳು ಅವು. ಮರದ ಸುತ್ತ ಒಂದು ಮೀಟರ್ ಮಣ್ಣು ಬಿಟ್ಟು, ಅಲ್ಲಿ ತುಂಬೆ ತಾನಾಗಿ ಬೆಳೆದರೆ, ದಯವಿಟ್ಟು ಸೆಪ್ಟೆಂಬರ್‌ವರೆಗಾದರೂ ಕಳೆನಾಶಕ ಹೊಡೆಯಬೇಡಿ.

ವಸತಿ ಸಂಕೀರ್ಣದ ಕಾರ್ಯದರ್ಶಿ:

ನಾನು ಅದೇ ಓಣಿಯ ವಸತಿ ಸಂಕೀರ್ಣದ ಪರವಾಗಿ ಬರೆಯುತ್ತಿದ್ದೇನೆ. ನಮ್ಮ ಗೇಟಿನ ಎದುರಿನ ಮಳೆಮರದ ಬುಡಕ್ಕೆ ಇಂಟರ್‌ಲಾಕ್ ಹಾಕಿಸಿದ್ದು ನಮ್ಮದೇ ಸಮಿತಿ. ಹಾಕಿಸಿದ್ದಕ್ಕೆ ಕಾರಣಗಳಿದ್ದವು: ಕೆಸರು, ತರಗೆಲೆ ಕಟ್ಟಿ ಚರಂಡಿ ಉಕ್ಕುವುದು, ಸೊಳ್ಳೆ, ಹಾವಿನ ಭಯ. ಮಂಗಳೂರಿಗೆ ಮಲೇರಿಯಾದ ಕಾಟ ಎಷ್ಟಿತ್ತೆಂದು ಎಲ್ಲರಿಗೂ ತಿಳಿದಿದೆ. ಮಣ್ಣು ಬಿಡಿ, ಎಲೆ ಬಿಡಿ, ಕಳೆ ಬಿಡಿ ಎಂದರೆ ಐವತ್ತಾರು ಮನೆಗಳವರಿಗೆ ನಾನು ಏನು ಉತ್ತರ ಕೊಡಲಿ?

ಸಸ್ಯಶಾಸ್ತ್ರ ಅಧ್ಯಾಪಕಿ:

ಕಾರ್ಯದರ್ಶಿಯವರೇ, ತಮ್ಮ ಆತಂಕ ಸಹಜ. ನಗರದಲ್ಲಿ ಮಲೇರಿಯಾ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಮುಚ್ಚಳವಿಲ್ಲದ ನೀರಿನ ಟ್ಯಾಂಕಿಯಲ್ಲಿ, ಬಾವಿಯಲ್ಲಿ, ಕಟ್ಟಡ ಕಾಮಗಾರಿಯ ನಿಂತ ನೀರಿನಲ್ಲಿ. ಡೆಂಗಿಯ ಸೊಳ್ಳೆಗೆ ಒಂದು ಎಳನೀರಿನ ಚಿಪ್ಪು, ಒಂದು ಪ್ಲಾಸ್ಟಿಕ್ ಲೋಟ ಸಾಕು. ಎರಡಕ್ಕೂ ನಿಂತ ನೀರು ಬೇಕು. ಸಡಿಲ ಮಣ್ಣಿನಲ್ಲಿ ನೀರು ಇಂಗುತ್ತದೆ; ತಗ್ಗಾದ ಇಂಟರ್‌ಲಾಕ್‌ನ ಮೇಲೆಯೇ ಅದು ನಿಲ್ಲುವುದು. ಬುಡದಲ್ಲಿ ಎಲೆಯನ್ನು ನಾಲ್ಕು ಬೆರಳು ದಪ್ಪಕ್ಕಿಂತ ಹೆಚ್ಚು ಹರಡದಿದ್ದರೆ ಮತ್ತು ಅದರೊಳಗೆ ಚಿಪ್ಪು, ಲೋಟ ಸೇರದಂತೆ ನೋಡಿಕೊಂಡರೆ ಸೊಳ್ಳೆಗೆ ಅಲ್ಲಿ ಜಾಗವಿಲ್ಲ. ಹಾವು ಬರುವುದು ಇಲಿಯ ಹಿಂದೆ, ಇಲಿ ಬರುವುದು ಬಿಸಾಡಿದ ಅನ್ನದ ಹಿಂದೆ. ಅದು ಕಸದ ಪ್ರಶ್ನೆ.

ಜೇನು ಕೃಷಿಕರು ಹೇಳಿದ್ದಕ್ಕೆ ಒಂದು ಮಾತು ಸೇರಿಸಬೇಕು. ಗೂಡು ಕಟ್ಟಿ ಗುಂಪಾಗಿ ಬಾಳುವ ಜೇನುಗಳು ಕೆಲವೇ ಜಾತಿ. ಒಂಟಿಯಾಗಿ ಬಾಳುವವೇ ಹೆಚ್ಚು, ಅವುಗಳಲ್ಲಿ ಬಹುಪಾಲು ಬರಿಯ ಮಣ್ಣಿನಲ್ಲಿ ಸಣ್ಣ ಬಿಲ ತೋಡಿ ಮೊಟ್ಟೆಯಿಡುತ್ತವೆ. ಹೊಟ್ಟೆಯ ಮೇಲೆ ನೀಲಿ ಪಟ್ಟೆಗಳಿರುವ ದುಂಬಿಯೊಂದನ್ನು ತಾವು ತುಳಸಿಯ ಮೇಲೆ ನೋಡಿರಬಹುದು. ಬದನೆಯ ಹೂವಿನ ಪರಾಗ ಸಣ್ಣ ತೂತಿನ ಕೊಳವೆಗಳೊಳಗೆ ಇರುತ್ತದೆ. ಅದನ್ನು ಉದುರಿಸಲು ಹೂವನ್ನು ಹಿಡಿದು ರೆಕ್ಕೆಯ ಸ್ನಾಯುಗಳಿಂದ ಝೇಂಕರಿಸಿ ನಡುಗಿಸಬೇಕು. ತುಡುವೆಗೆ ಆ ವಿದ್ಯೆ ಬಾರದು. ನೀಲಿಪಟ್ಟೆಯ ದುಂಬಿಗೂ ಮರ ಕೊರೆಯುವ ಕರಿದುಂಬಿಗೂ ಬರುತ್ತದೆ. ಬದನೆ ತಾನಾಗಿಯೂ ಸ್ವಲ್ಪ ಕಾಯಿ ಕಟ್ಟುತ್ತದೆ, ಆದರೆ ಈ ದುಂಬಿಗಳು ಬಂದರೆ ಫಸಲು ಹೆಚ್ಚು. 2011ರಲ್ಲಿ ಭೌಗೋಳಿಕ ಗುರುತು ಪಡೆದ ನಮ್ಮ ಮಟ್ಟುಗುಳ್ಳವೂ ಬದನೆಯೇ. ದುಂಬಿಗೆ ಬಿಲ ತೋಡಲು ಒಂದು ಅಂಗೈ ಅಗಲದ ಬರಿಮಣ್ಣನ್ನೂ ಉಳಿಸದ ಅಂಗಳಗಳ ನಡುವೆ ಕುಳಿತು ನಾವು ಗುಳ್ಳದ ಹುಳಿ ಉಣ್ಣುತ್ತೇವೆ. ಆದ್ದರಿಂದ ಬಿಡಿಸಿದ ಬುಡದಲ್ಲಿ ಎಲ್ಲ ಕಡೆ ಎಲೆ ಹೊದೆಸದೆ, ಬಿಸಿಲು ಬೀಳುವ ಒಂದು ಮೂಲೆಯನ್ನು ಬರಿದಾಗಿಯೇ ಬಿಡಿ.

ಕಟಪಾಡಿಯಿಂದ ಒಬ್ಬರು:

ಗುಳ್ಳದ ಮಾತು ಬಂದದ್ದರಿಂದ ಉಡುಪಿ ಕಡೆಯವನಾದ ನಾನೂ ಬರೆಯುತ್ತಿದ್ದೇನೆ. ನನ್ನ ವಿಷಯ ನಾಗಬನ.

ನಮ್ಮ ಕುಟುಂಬದ ಬನದಲ್ಲಿ ನಾನು ಚಿಕ್ಕವನಿದ್ದಾಗ ನಾಗನ ಕಲ್ಲುಗಳಿಗೆ ಹೋಗಲು ಬಾಗಿ ನಡೆಯಬೇಕಾಗಿತ್ತು. ರೆಂಜ, ಸುರಗಿ, ಹಾಲೆ, ಸುರಹೊನ್ನೆ, ಅವುಗಳ ಮೈತುಂಬ ಹಬ್ಬಿದ ಬಳ್ಳಿಗಳು. ಮಧ್ಯಾಹ್ನವೂ ಅಲ್ಲಿ ತಂಪು. ಸುರಗಿ ಹೂ ಬಿಟ್ಟರೆ ಜೇನಿನ ಸದ್ದು ಮನೆಯ ಜಗಲಿಗೆ ಕೇಳುತ್ತಿತ್ತು. ತುಳುವರ ಆಟಿ ತಿಂಗಳ ಅಮಾವಾಸ್ಯೆಯ ದಿನ ಸೂರ್ಯ ಹುಟ್ಟುವ ಮೊದಲು ಕಷಾಯಕ್ಕೆಂದು ಹಾಲೆಮರದ ಕೆತ್ತೆಯನ್ನು (ತೊಗಟೆಯನ್ನು) ಕಲ್ಲಿನಿಂದ ಜಜ್ಜಿ ತರುತ್ತಿದ್ದ ಅಜ್ಜ, ಕಬ್ಬಿಣ ತಾಗಿಸಬಾರದು, ಮರದ ಸುತ್ತಲೂ ಸುಲಿಯಬಾರದು ಎನ್ನುತ್ತಿದ್ದರು. ಸುತ್ತಲೂ ತೊಗಟೆ ಹೋದರೆ ಮರ ಸಾಯುತ್ತದೆ ಎಂಬುದು ಅವರಿಗೆ ಯಾವ ಪುಸ್ತಕವೂ ಹೇಳಿಕೊಟ್ಟ ವಿಷಯವಲ್ಲ.

ಅನಂತರ ಜೀರ್ಣೋದ್ಧಾರವಾಯಿತು. ಎಲ್ಲರೂ ಭಕ್ತಿಯಿಂದಲೇ ಹಣ ಹಾಕಿದೆವು, ನಾನೂ ಹಾಕಿದ್ದೇನೆ. ಮರಗಳನ್ನು ತೆಗೆದು, ಕಲ್ಲಿನ ಕಟ್ಟೆ ಕಟ್ಟಿ, ಸುತ್ತಲೂ ಗ್ರಾನೈಟ್ ಹಾಸಿ, ಮೇಲೆ ತಗಡಿನ ಚಪ್ಪರ ಹಾಕಿದೆವು. ಈಗ ನಾಗನಿಗೆ ತಂಬಿಲ ಸೇವೆ ಸಲ್ಲಿಸುವ ದಿನ ಬರಿಗಾಲಿನಲ್ಲಿ ನಿಲ್ಲಲಾಗದಷ್ಟು ನೆಲ ಕಾಯುತ್ತದೆ. ಪಕ್ಕದ ಬಾವಿಯ ನೀರು ಮೊದಲಿಗಿಂತ ಬೇಗ ಇಳಿಯುತ್ತದೆ. ನಾಗರಪಂಚಮಿಯ ಸಂಜೆ ಅಲ್ಲಿ ಉಳಿಯುವುದು ಹಾಲಿನ ಪ್ಲಾಸ್ಟಿಕ್ ತೊಟ್ಟೆಗಳ ರಾಶಿ.

ಎರಡು ವರ್ಷಗಳ ಹಿಂದೆ ಕುಟುಂಬದ ಹಿರಿಯರೊಂದಿಗೆ ಕುಳಿತು ಮಾತಾಡಿದೆವು. ಕಟ್ಟೆಯನ್ನು ಮುಟ್ಟಲಿಲ್ಲ. ಅದರ ಸುತ್ತಲಿನ ಗ್ರಾನೈಟನ್ನು ನಡೆದಾಡುವ ದಾರಿಯಷ್ಟು ಉಳಿಸಿ ಉಳಿದದ್ದನ್ನು ಎಬ್ಬಿಸಿದೆವು. ಅರ್ಚಕರೇ ಮುಹೂರ್ತ ನೋಡಿ ರೆಂಜ, ಸುರಗಿ, ಸುರಹೊನ್ನೆಯ ಸಸಿ ನೆಡಿಸಿದರು. ಬೇಲಿಗೆ ಈಶ್ವರಬಳ್ಳಿ ಹಬ್ಬಿಸಿದ್ದೇವೆ. ನಮ್ಮ ರಾಜ್ಯದ ಚಿಟ್ಟೆಯಾದ, ಕಪ್ಪು ಹಳದಿ ಬಣ್ಣದ ದೊಡ್ಡ ಚಿಟ್ಟೆಯ ಮರಿಹುಳು ತಿನ್ನುವುದು ಅದರ ಮತ್ತು ಅದರ ಬಳಗದ ಗಿಡಗಳ ಎಲೆಯನ್ನೇ. ಕಾರ್ಕಳದಿಂದ ಮೂಡುಬಿದಿರೆಗೆ ಹೋಗುವ ದಾರಿಯ ಬೆಳ್ವಾಯಿಯ ಚಿಟ್ಟೆ ಉದ್ಯಾನವನ್ನು ನೋಡಿ ಬಂದ ಮೇಲೆ ಮಕ್ಕಳು ಹಟ ಹಿಡಿದು ನೆಡಿಸಿದ ಬಳ್ಳಿ ಅದು. ಪಂಚಮಿಗೆ ಹಾಲನ್ನು ಪಾತ್ರೆಯಲ್ಲೇ ತರಬೇಕೆಂದು ಕುಟುಂಬದಲ್ಲಿ ನಿರ್ಣಯ ಮಾಡಿದ್ದೇವೆ. ಬಿಜೈಯವರೇ, ಹಾಕಿದ ಕಲ್ಲನ್ನು ಎಬ್ಬಿಸಲು ಸಾಧ್ಯ ಎಂಬುದಕ್ಕೆ ನಾನು ಸಾಕ್ಷಿ.

ಮಣ್ಣಗುಡ್ಡೆಯ ಗೃಹಿಣಿ:

ಕಾರ್ಯದರ್ಶಿಯವರು ಹೇಳಿದ ತರಗೆಲೆಯ ಸಮಸ್ಯೆಗೆ ನನ್ನ ಅನುಭವ ಉಪಯೋಗವಾಗಬಹುದು.

ನಮ್ಮ ಓಣಿಯಲ್ಲಿ ಹಿಂದೆ ಗುಡಿಸಿದ ಎಲೆಯನ್ನು ಪ್ಲಾಸ್ಟಿಕ್ ಸಮೇತ ಮೂಲೆಯಲ್ಲಿ ಸುಡುತ್ತಿದ್ದರು. ನಮ್ಮ ಹಿರಿಯರೂ ಎಲೆ ಮತ್ತು ಮಣ್ಣು ಪದರ ಪದರವಾಗಿ ಹಾಕಿ ಸುಡುಮಣ್ಣು ಮಾಡುತ್ತಿದ್ದರಲ್ಲವೇ ಎಂದು ಕೇಳುವವರಿದ್ದಾರೆ. ಅದು ತೋಟದಲ್ಲಿ ಮಲ್ಲಿಗೆಗೂ ತರಕಾರಿಗೂ ಗೊಬ್ಬರವಾಗಿ ಮಾಡುತ್ತಿದ್ದ ಕೆಲಸ. ಅದರಲ್ಲಿ ಹಾಲಿನ ತೊಟ್ಟೆ ಇರಲಿಲ್ಲ, ಹತ್ತು ಅಡಿಯಲ್ಲಿ ಪಕ್ಕದ ಮನೆಯ ಕಿಟಕಿಯೂ ಇರಲಿಲ್ಲ. ಬಯಲಿನಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡವೆಂದು ಹಸಿರು ನ್ಯಾಯಾಧಿಕರಣ 2016ರ ಡಿಸೆಂಬರ್‌ನಲ್ಲೇ ಹೇಳಿದೆ.

ಅಡುಗೆಮನೆಯ ಹಸಿ ಕಸವನ್ನು ಗೊಬ್ಬರ ಮಾಡಲು ಹೊರಟವರು ನಮ್ಮ ಊರಿನಲ್ಲಿ ಸೋಲುವುದು ಜುಲೈನಲ್ಲಿ. ನೀರು ಹೆಚ್ಚಾಗಿ, ಗಾಳಿ ಆಡದೆ, ವಾಸನೆ ಬಂದು, ಹುಳವಾಗಿ ಬಿಟ್ಟುಬಿಡುತ್ತಾರೆ. ಹಸಿ ಕಸದ ಒಂದು ಪಾಲಿಗೆ ಎರಡು ಪಾಲು ಒಣ ಎಲೆ ಸೇರಿದರೆ ವಾಸನೆ ಇಲ್ಲ. ಆದರೆ ಜುಲೈಯಲ್ಲಿ ಒಣ ಎಲೆ ಎಲ್ಲಿಂದ ತರುವುದು? ನಾವು ಮಾಡಿದ್ದು ಇಷ್ಟೇ: ಫೆಬ್ರವರಿ, ಮಾರ್ಚ್‌ನಲ್ಲಿ ಮರಗಳು ಎಲೆ ಉದುರಿಸುವಾಗ ಗೋಣಿಚೀಲಗಳಲ್ಲಿ ತುಂಬಿಸಿ, ಮೆಟ್ಟಿಲಿನ ಅಡಿಯಲ್ಲಿ ಒಣಗಿಯೇ ಇರುವಂತೆ ಇಡುವುದು. ಮಳೆಗಾಲವಿಡೀ ದಿನಕ್ಕೆರಡು ಮುಷ್ಟಿ. ಒಂದು ಮನೆಗೆ ನಾಲ್ಕೈದು ಚೀಲ ಬೇಕಾಗುತ್ತದೆ. ಚೀಲಕ್ಕೆ ಹೋಗದೆ ಉಳಿದ ಎಲೆ ಮರದ ಬುಡಕ್ಕೆ. ಕಾಂಡದಿಂದ ಒಂದು ಗೇಣು ದೂರ ಬಿಟ್ಟು ಹರಡುತ್ತೇವೆ. ಈಗ ಚರಂಡಿಗೆ ಹೋಗುವ ಎಲೆಯೇ ಕಡಿಮೆ.

2019ರ ಆಗಸ್ಟ್‌ನಲ್ಲಿ ಮಂಗಳೂರಿನ ಕಸ ಸುರಿಯುವ ಪಚ್ಚನಾಡಿಯ ಕಸದ ಗುಡ್ಡ ಮಳೆಗೆ ಜಾರಿ ಮಂದಾರ ಎಂಬ ಊರಿನ ಅಡಿಕೆ, ತೆಂಗಿನ ತೋಟಗಳ ಮೇಲೆ, ಮನೆಗಳ ಮೇಲೆ ಹರಿದದ್ದನ್ನು ನಾನು ಹೋಗಿ ನೋಡಿದ್ದೆ. ತೆಂಗಿನ ಮರಗಳು ಕಸದಲ್ಲಿ ಸೊಂಟದವರೆಗೆ ಹೂತು ನಿಂತಿದ್ದವು. ಅದರಲ್ಲಿ ನಮ್ಮ ಮನೆಯ ಕಸವೂ ಇತ್ತು. ಅಂದಿನಿಂದ ನಮ್ಮ ಮನೆಯ ಹಸಿ ಕಸ ಗೇಟು ದಾಟಿಲ್ಲ.

ವಸತಿ ಸಂಕೀರ್ಣದ ಕಾರ್ಯದರ್ಶಿ:

ಅಕ್ಕ, ಆ ಗೋಣಿಚೀಲದ ಕ್ರಮವನ್ನು ನಮ್ಮ ಸಮಿತಿಯ ಸಭೆಯಲ್ಲಿ ವಿವರಿಸಲು ತಾವು ಬರುವಿರಾ? ಸಂಕೀರ್ಣದಲ್ಲಿ ಎಲೆ ಇಡಲು ಜಾಗವಿದೆ. ಗೇಟಿನ ಎದುರಿನ ಮಳೆಮರದ ಬುಡ ಬಿಡಿಸುವುದನ್ನೂ ಅದೇ ಸಭೆಯಲ್ಲಿ ಇಡುತ್ತೇನೆ. ವಾಹನ ತಿರುಗುವ ಬದಿಯಲ್ಲಿ ಒಂದು ಮೀಟರ್ ಬಿಡುವುದು ಕಷ್ಟ, ಉಳಿದ ಮೂರು ಬದಿಯಲ್ಲಿ ಸಾಧ್ಯ.

ಬಿಜೈ ನಿವಾಸಿ:

ಎಲ್ಲರಿಗೂ ಕೃತಜ್ಞತೆಗಳು. ಈ ಹದಿನೈದು ದಿನಗಳಲ್ಲಿ ಆದದ್ದನ್ನು ತಿಳಿಸುತ್ತೇನೆ. ಹತ್ತು ಮರಗಳನ್ನೂ ಒಂದೊಂದಾಗಿ ಪರಿಶೀಲಿಸಬೇಕೆಂಬ ಪತ್ರ ವೃಕ್ಷಾಧಿಕಾರಿಯವರಿಗೆ ಸಲ್ಲಿಕೆಯಾಗಿದೆ. ಬುಡ ಬಿಡಿಸಲು ಪಾಲಿಕೆಯಿಂದ ಒಪ್ಪಿಗೆ ಪಡೆದಿದ್ದೇವೆ. ಮೊದಲು ಮೂರು ಮರ: ಗೇಟಿನ ಎದುರಿನ ಮಳೆಮರ, ಎರಡು ರೆಂಜ. ನಿವೃತ್ತ ಅರಣ್ಯ ನೌಕರರು ಸ್ವತಃ ಬಂದು ನೋಡಿ, ಓಣಿಯ ಕೊನೆಯ ಹೊಳೆದಾಸವಾಳದ ಬುಡದಲ್ಲಿ ಕೊಳೆತ ಭಾಗವಿದೆ, ಅದರ ರಸ್ತೆ ಬದಿಯ ಭಾರದ ಕೊಂಬೆಯನ್ನು ಅದು ಕಾಂಡಕ್ಕೆ ಸೇರುವ ಗಂಟಿನ ಬಳಿಯೇ ಸರಿಯಾಗಿ ಕೊಯ್ಸಬೇಕು, ಮುಂದಿನ ಮಳೆಗಾಲದೊಳಗೆ ಮತ್ತೆ ನೋಡಬೇಕು ಎಂದಿದ್ದಾರೆ. ಅದನ್ನೂ ಪತ್ರದಲ್ಲಿ ಬರೆದಿದ್ದೇವೆ.

ಓಣಿಯ ರಿಕ್ಷಾ ಚಾಲಕ:

ಆ ಹೊಳೆದಾಸವಾಳದ ಮಾತನ್ನು ಮುಚ್ಚಿಡದೆ ಬರೆದದ್ದರಿಂದ ನನಗೆ ನಂಬಿಕೆ ಬಂತು. ಮನವಿಯಿಂದ ನನ್ನ ಸಹಿ ಹಿಂದಕ್ಕೆ ಪಡೆದಿದ್ದೇನೆ. ಒಂದು ಕೇಳಿಕೆ: ಕಾಟುಮಾವು ಬಿದ್ದ ಗುಂಡಿಗೆ ಇಂಟರ್‌ಲಾಕ್ ಹಾಕಿ ಮುಚ್ಚಬೇಡಿ. ಬಿದ್ದ ದಿನ ಅದರ ಹಣ್ಣುಗಳನ್ನು ನನ್ನ ತಾಯಿ ಹೆಕ್ಕಿ ತಂದಿದ್ದರು. ಗೊಜ್ಜು ಮಾಡಿ ಉಳಿದ ಗೊರಟುಗಳನ್ನು ಹಿತ್ತಲಿನಲ್ಲಿ ಹಾಕಿದ್ದರು. ಈಗ ಆರು ಮೊಳಕೆ ಬಂದಿವೆ.

ಬಿಜೈ ನಿವಾಸಿ:

ಗುಂಡಿ ಹಾಗೆಯೇ ಇರುತ್ತದೆ, ಅಣ್ಣ. ಬರುವ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಗೇಟಿನ ಎದುರಿನ ಮಳೆಮರದಿಂದ ಕೆಲಸ ಆರಂಭ. ಹಾರೆ, ಪಿಕ್ಕಾಸು, ಬುಟ್ಟಿ ಇದ್ದವರು ತನ್ನಿ. ಎಬ್ಬಿಸಿದ ಕಲ್ಲುಗಳನ್ನು ಒಡೆಯದೆ ಬದಿಗಿಡಿ, ಮಣ್ಣು ಕೊಚ್ಚಿಹೋಗದಂತೆ ಅಂಚಿಗೆ ಅವೇ ಬೇಕು. ಕುಡಿಯುವ ನೀರಿಗೆ ಸ್ಟೀಲ್ ಲೋಟಗಳನ್ನು ನಮ್ಮ ಮನೆಯಿಂದ ತರುತ್ತೇನೆ.